ನಾಲ್ಕು ವರ್ಷದ ಮಗಳಿಗೆ ಕಿವಿ ಕೇಳಿಸದು: ಯಾವ ಶಾಲೆ, ಮುಂದೆ ಯಾವ ಕೆಲಸ?

ಪ್ರಶ್ನೆ: ನನ್ನ ಮಗಳಿಗೆ ಈಗ 4 ವರ್ಷ. ಎರಡೂವರೆ ವರ್ಷವಾದರೂ ಮಾತು ಬರಲಿಲ್ಲ ಅಂತ ತೋರಿಸಿದಾಗ, ಎರಡೂ ಕಿವಿಯಲ್ಲಿ 90 ಡೆಸಿಬೆಲ್‌ಗಿಂತ ಜಾಸ್ತಿ ದೋಷ ಇದೆ ಅಂದರು. ಒಂದು ವರ್ಷದಿಂದ ಕಿವಿಗೆ ಮಷೀನ್ ಹಾಕುತ್ತಿದ್ದೇವೆ. ಹೆಸರು ಕೂಗಿದರೆ ಕೆಲವೊಮ್ಮೆ ತಿರುಗುತ್ತಾಳೆ. ‘ಅಮ್ಮ’, ‘ಬಾ’, ‘ಬೇಡ’ ಸೇರಿ ಎಂಟು ಹತ್ತು ಪದ ಹೇಳುತ್ತಾಳೆ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಮಾಡಿಸಿ, ಈಗಲೇ ತಡವಾಗಿದೆ ಅಂತ ಡಾಕ್ಟರ್ ಹೇಳುತ್ತಾರೆ. ಸನ್ನೆ ಮಾಡಲೇಬೇಡಿ, ಮಾತಾಡೋದನ್ನೇ ಬಿಟ್ಟುಬಿಡುತ್ತಾಳೆ ಅಂತ ಸ್ಪೀಚ್ ಥೆರಪಿಸ್ಟ್ ಹೇಳುತ್ತಾರೆ. ಕಿವುಡ ಮಕ್ಕಳ ಶಾಲೆಯಲ್ಲಿ ವಿಚಾರಿಸಿದರೆ, ಸನ್ನೆ ಭಾಷೆಯೇ ಅವಳ ಭಾಷೆ, ಇಲ್ಲಿಗೇ ಸೇರಿಸಿ ಅಂದರು. ಮಾಮೂಲಿ ಶಾಲೆಗೆ ಹಾಕು, ನಾಲ್ಕು ಮಕ್ಕಳ ಜೊತೆ ಸೇರಿದರೆ ತಾನೇ ಮಾತಾಡುತ್ತಾಳೆ ಅಂತ ನಮ್ಮತ್ತೆ. ನಮ್ಮ ಯಜಮಾನರಿಗೆ ಒಂದೇ ಚಿಂತೆ: ನಾವಿಲ್ಲದ ಕಾಲಕ್ಕೆ ಇವಳು ಏನು ಕೆಲಸ ಮಾಡಿ ಬದುಕುತ್ತಾಳೆ? ಒಬ್ಬಳೇ ಇರೋಕಾಗುತ್ತಾ? ಅವಳ 7 ವರ್ಷದ ಅಣ್ಣ ಮಾತ್ರ ಕೈಯಲ್ಲೇ ಏನೇನೋ ಹೇಳಿಕೊಂಡು ಅವಳ ಜೊತೆ ಆಡುತ್ತಾನೆ. ಅದನ್ನೂ ನಿಲ್ಲಿಸಬೇಕಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಇವತ್ತೇ ಬೇಕಾದ ಉತ್ತರ. ಅಣ್ಣನನ್ನು ತಡೆಯಬೇಡಿ. ನಿಮ್ಮ ಮನೆಯಲ್ಲಿ ಸದ್ಯಕ್ಕೆ ಅವಳ ಜೊತೆ ಮನಸಾರೆ ಹರಟೆ ಹೊಡೆಯುತ್ತಿರುವುದು ಅವನೊಬ್ಬನೇ ಇರಬಹುದು.

ಡಾಕ್ಟರು, ಥೆರಪಿಸ್ಟು, ಶಾಲೆಯವರು, ಅತ್ತೆ. ನಾಲ್ಕು ಜನ ನಾಲ್ಕು ದಾರಿ ತೋರಿಸಿದ್ದಾರೆ. ಯಾರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಅವರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಇವತ್ತಿಗೆ ಅವಳ ಹತ್ತಿರ ಯಾವ ಭಾಷೆ ಇದೆ? ನಾಲ್ಕು ವರ್ಷದ ಮಗು ಪೂರ್ತಿ ವಾಕ್ಯದಲ್ಲಿ ಮಾತಾಡುತ್ತದೆ. ನಿನ್ನೆ ನಡೆದದ್ದನ್ನು ಹೇಳುತ್ತದೆ, ‘ಯಾಕೆ, ಯಾಕೆ’ ಅಂತ ತಲೆ ತಿನ್ನುತ್ತದೆ. ಎಂಟು ಹತ್ತು ಪದ ಅಂದರೆ ಒಂದು, ಒಂದೂಕಾಲು ವರ್ಷದ ಕೂಸಿನ ಮಟ್ಟ. ಬುದ್ಧಿ ನಾಲ್ಕು ವರ್ಷದ್ದು, ಅದನ್ನು ಹೊರಹಾಕಲು ಇರುವ ಮಾತು ಒಂದು ವರ್ಷದ್ದು. ಇಂಥ ಮಕ್ಕಳು ಹಟಮಾರಿ, ಕೋಪಿಷ್ಟರು ಅಂತ ಹೆಸರು ಪಡೆಯುವುದು ಸುಮ್ನೆ ಅಲ್ಲ. ಹೇಳಿಕೊಳ್ಳಲಾಗದ ಸಿಟ್ಟು ಅದು.

ಶಾಲೆ ಯಾವುದು ಅನ್ನುವುದು ಇದರ ನಂತರ ಬರುವ ಪ್ರಶ್ನೆ. ಇಡೀ ದಿನ ಅವಳಿಗೆ ಅರ್ಥವಾಗುವ, ಅವಳು ತಿರುಗಿ ಕೇಳಬಲ್ಲ ಭಾಷೆ ಎಲ್ಲಿ ಸಿಗುತ್ತದೋ ಆ ಶಾಲೆಯೇ ಸರಿಯಾದ ಶಾಲೆ. ಬೋರ್ಡಿನ ಮೇಲೆ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು.

ಅವಳು ಹೇಳುವ ಪದಗಳನ್ನು ಒಮ್ಮೆ ಗಮನಿಸಿ. ನೀವು ಬರೆದ ಮೂರನ್ನೇ ತೆಗೆದುಕೊಳ್ಳೋಣ: ‘ಅಮ್ಮ’, ‘ಬಾ’, ‘ಬೇಡ’. ಮೂರರಲ್ಲೂ ತುಟಿ ಕೂಡಿಸಿ ಹೇಳುವ ಅಕ್ಷರ ಇದೆ, ಅದು ಕಣ್ಣಿಗೆ ಕಾಣುತ್ತದೆ. ಸ್ವರಗಳು ದಪ್ಪ ದನಿಯವು, ಮಷೀನ್ ಹಾಕಿದಾಗ ಅಷ್ಟಿಷ್ಟು ಕೇಳುತ್ತವೆ. ‘ಸಾಕು’, ‘ಶಾಲೆ’ ಅನ್ನುತ್ತಾಳಾ? ಬಹುಶಃ ಇಲ್ಲ. ಸ, ಶ ಇವೆಲ್ಲ ತೀರಾ ತೆಳು ದನಿಯ ಅಕ್ಷರಗಳು. ಒಂದು ಮೀಟರ್ ದೂರದಿಂದ ಮಾಮೂಲಿಯಾಗಿ ಮಾತಾಡಿದರೆ ದನಿ ಸುಮಾರು 60 ಡೆಸಿಬೆಲ್ ಇರುತ್ತದೆ. 90 ಡೆಸಿಬೆಲ್ ದಾಟಿದ ದೋಷ ಅಂದರೆ ಮಷೀನ್ ಇಲ್ಲದೆ ಅದಕ್ಕಿಂತ ಕಡಿಮೆ ಸದ್ದು ಕೇಳದು. ಅಂಥ ದೋಷಕ್ಕೆ ಎಂಥ ಒಳ್ಳೆ ಮಷೀನ್ ಹಾಕಿದರೂ ಆ ತೆಳು ಅಕ್ಷರಗಳು ಒಳಗೆ ಮುಟ್ಟುವುದು ಕಷ್ಟ. ಹಾಗಾಗಿ ಅವಳು ಕಲಿಯುತ್ತಿಲ್ಲ ಅಂತ ತಿಳಿಯಬೇಡಿ. ಕಂಡದ್ದನ್ನೂ ಕೇಳಿದ ಚೂರುಪಾರನ್ನೂ ಜೋಡಿಸಿ ಅವಳು ಭಾರಿ ಕೆಲಸ ಮಾಡುತ್ತಿದ್ದಾಳೆ.

ಈಗ ‘ಸನ್ನೆ ಮಾಡಿದರೆ ಮಾತು ಬಿಡುತ್ತಾಳೆ’ ಅನ್ನುವ ಭಯ. ಇದು ನಿಮ್ಮ ಥೆರಪಿಸ್ಟ್ ಹುಟ್ಟಿಸಿದ್ದಲ್ಲ, ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರ ದೊಡ್ಡ ಸಮ್ಮೇಳನ ನಡೆಯಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಶಾಲೆಗಳಲ್ಲಿ ಸನ್ನೆ ಬೇಡ, ಬರೀ ಬಾಯಿಮಾತು ಕಲಿಸಬೇಕು ಅಂತ ಅವರು ನಿರ್ಣಯ ಮಾಡಿದರು. ಅದರ ಪ್ರಭಾವ ಸುಮಾರು ನೂರು ವರ್ಷ ಜಗತ್ತಿನ ಕಿವುಡ ಶಾಲೆಗಳ ಮೇಲೆ ಉಳಿಯಿತು. ಕೈ ಆಡಿಸಿದ ಮಕ್ಕಳಿಗೆ ಏಟು ಬೀಳುತ್ತಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಾಲಿನ ಸಮ್ಮೇಳನ ಸೇರಿದಾಗ ಆ ಹಳೆಯ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿದರು. ಆದರೆ ಭಯ ಮಾತ್ರ ಥೆರಪಿ ಕೋಣೆಗಳಲ್ಲಿ ಇನ್ನೂ ಓಡಾಡಿಕೊಂಡಿದೆ.

ಭಯ ನಿಜ ಅನ್ನಿಸುವುದಕ್ಕೆ ಒಂದು ಕಾರಣವೂ ಇದೆ. ಎಷ್ಟೋ ಕಡೆ ಮಕ್ಕಳನ್ನು ಮೊದಲು ಬಾಯಿಮಾತಿಗೇ ಹಾಕುತ್ತಾರೆ. ಐದಾರು ವರ್ಷ ಕಳೆದರೂ ಮಾತು ಬಾರದೇ ಹೋದವರನ್ನು ಕೊನೆಗೆ ಸನ್ನೆ ಶಾಲೆಗೆ ಕಳಿಸುತ್ತಾರೆ. ಹೊರಗಿನಿಂದ ನೋಡಿದವರಿಗೆ ‘ಸನ್ನೆ ಶಾಲೆ ಮಕ್ಕಳು ಮಾತಾಡಲ್ಲ’ ಅಂತ ಕಾಣುತ್ತದೆ. ಮಾತು ಬಾರದ್ದಕ್ಕೆ ಅಲ್ಲಿಗೆ ಬಂದವರು ಅವರು, ಅಲ್ವಾ? ಕಿವುಡ ಅಪ್ಪ ಅಮ್ಮನಿಗೆ ಹುಟ್ಟಿ, ಹುಟ್ಟಿನಿಂದ ಸನ್ನೆ ಭಾಷೆ ಕಲಿತು, ಆಮೇಲೆ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳ ಬಾಯಿಮಾತು ಚೆನ್ನಾಗಿಯೇ ಬೆಳೆದದ್ದನ್ನು ಸಂಶೋಧಕರು ನೋಡಿದ್ದಾರೆ. ಒಂದು ಭಾಷೆ ಗಟ್ಟಿಯಾಗಿದ್ದರೆ ಎರಡನೆಯದಕ್ಕೆ ಅದು ಮೆಟ್ಟಿಲಾಗುತ್ತದೆ. ಯಾವುದೂ ಇಲ್ಲದೆ ಐದಾರು ವರ್ಷ ಕಳೆದರೆ ಆ ನಷ್ಟವನ್ನು ಆಮೇಲೆ ತುಂಬುವುದು ಬಹಳ ಕಷ್ಟ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟಿರುವುದು ಪೂರ್ತಿ ಕಿವುಡರಾದ ಮಕ್ಕಳಲ್ಲ. ಹತ್ತು ವರ್ಷವಾದರೂ ಬಾಯಲ್ಲೂ ಕೈಯಲ್ಲೂ ಭಾಷೆಯಿಲ್ಲದೆ ಬರುವ ಮಕ್ಕಳು.

ಇಲ್ಲಿ ಶಾಲೆಯವರ ಮಾತಿಗೂ ಒಂದು ತಿದ್ದುಪಡಿ ಬೇಕು. ಸನ್ನೆ ಭಾಷೆ ನಿಜವಾದ ಭಾಷೆ ಅನ್ನುವುದರಲ್ಲಿ ಅನುಮಾನವಿಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಮುಖಭಾವ, ಹುಬ್ಬು, ಕೈ ಆಡುವ ಜಾಗ ಎಲ್ಲವೂ ಅದರ ಭಾಗ. ಜಗತ್ತಿಗೆಲ್ಲ ಒಂದೇ ಸನ್ನೆ ಭಾಷೆಯೂ ಅಲ್ಲ. ಬ್ರಿಟನ್, ಅಮೆರಿಕ ಎರಡೂ ಕಡೆ ಇಂಗ್ಲಿಷ್ ಮಾತಾಡಿದರೂ ಅಲ್ಲಿನ ಕಿವುಡರ ಸನ್ನೆ ಭಾಷೆಗಳು ಬೇರೆ ಬೇರೆ, ಒಬ್ಬರದ್ದು ಇನ್ನೊಬ್ಬರಿಗೆ ತಾನಾಗಿ ತಿಳಿಯುವುದಿಲ್ಲ. ಆದರೆ ಭಾಷೆ ಬೆಳೆಯಲು ಆಡುವ ಜನ ಬೇಕು. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯ ತನಕ ಕಿವುಡ ಮಕ್ಕಳು ಅವರವರ ಮನೆಯಲ್ಲೇ ಇದ್ದರು, ನಿಮ್ಮ ಮಕ್ಕಳ ಹಾಗೆ ಮನೆಮಟ್ಟಿಗೆ ಒಂದಿಷ್ಟು ಸನ್ನೆ ಮಾಡಿಕೊಂಡು. ಆಮೇಲೆ ರಾಜಧಾನಿ ಮನಾಗುವಾದಲ್ಲಿ ಶಾಲೆ ಶುರುವಾಗಿ ಅವರೆಲ್ಲ ಒಂದೆಡೆ ಸೇರಿದರು. ಶಿಕ್ಷಕರು ಕಲಿಸುತ್ತಿದ್ದದ್ದು ತುಟಿ ನೋಡಿ ತಿಳಿಯುವುದನ್ನು. ಮಕ್ಕಳು ಆಟದ ಬಯಲಲ್ಲಿ ತಮ್ಮ ತಮ್ಮಲ್ಲೇ ಒಂದು ಹೊಸ ಭಾಷೆ ಕಟ್ಟಿಬಿಟ್ಟರು. ನಂತರ ಬಂದ ಚಿಕ್ಕ ಮಕ್ಕಳು ಅದನ್ನು ಇನ್ನೂ ತುಂಬಿಸಿದರು. ನಿಮ್ಮ ಮಗ ಮಾಡುವ ಸನ್ನೆ ಒಳ್ಳೆ ಬೀಜ. ಪೂರ್ತಿ ಭಾಷೆಯಾಗಲು ಕಿವುಡ ಮಕ್ಕಳು, ಕಿವುಡ ದೊಡ್ಡವರು ಅವಳ ಸುತ್ತ ಇರಬೇಕು. ನೀವೂ ಕಲಿಯಬೇಕು. ಕಿವುಡ ಮಕ್ಕಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಕಿವಿ ಕೇಳುವ ತಂದೆ ತಾಯಿಗೆ ಹುಟ್ಟಿದವರೇ, ಹಾಗಾಗಿ ಸೊನ್ನೆಯಿಂದ ಕಲಿಯುವವರು ನೀವೊಬ್ಬರೇ ಅಲ್ಲ.

ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ ಅನ್ನುವ ಆಸೆಯನ್ನೂ ಸ್ವಲ್ಪ ತಗ್ಗಿಸಿಕೊಳ್ಳಿ. ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ ‘ಮರ’, ‘ಬರ’, ‘ಪರ’ ಅನ್ನಿ. ಮೂರೂ ಒಂದೇ ಥರ ಕಾಣುತ್ತವೆ. ಕ, ಗ ಗಂಟಲ ಬಳಿ ಹುಟ್ಟುವುದರಿಂದ ಕಾಣುವುದೇ ಇಲ್ಲ. ಭಾಷೆ ಚೆನ್ನಾಗಿ ಬಲ್ಲವರು ಸಂದರ್ಭ ನೋಡಿ ಊಹಿಸುತ್ತಾರೆ. ಭಾಷೆಯೇ ಇನ್ನೂ ಬರಬೇಕಾದ ಮಗು ಯಾವ ಆಧಾರದ ಮೇಲೆ ಊಹಿಸಬೇಕು?

ಇನ್ನು ಇಂಪ್ಲಾಂಟ್. ಡಾಕ್ಟರ್ ಆತುರಪಡಿಸುವುದರಲ್ಲಿ ತಪ್ಪಿಲ್ಲ. ಮಷೀನ್ ಬರೀ ಸದ್ದು ಜೋರು ಮಾಡುತ್ತದೆ. ಇಂಪ್ಲಾಂಟ್ ಒಳಕಿವಿಯ ಕೆಟ್ಟ ಕೋಶಗಳನ್ನು ಬಿಟ್ಟು, ಅಲ್ಲಿ ಕೂರಿಸಿದ ತಂತಿಯ ಮೂಲಕ ನೇರ ಶ್ರವಣ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ. ಹುಟ್ಟಿನಿಂದ ಕಿವುಡಾದ ಮಕ್ಕಳಲ್ಲಿ ಎರಡು ವರ್ಷದೊಳಗೆ ಹಾಕಿಸಿದರೆ ಫಲ ಅತಿ ಚೆನ್ನ. ನಾಲ್ಕರಲ್ಲೂ ಉಪಯೋಗ ಇದೆ. ಒಂದು ವರ್ಷ ಮಷೀನ್ ಹಾಕಿ ನರಕ್ಕೆ ಅಷ್ಟಾದರೂ ಕೆಲಸ ಕೊಟ್ಟಿದ್ದೀರಿ, ಅದು ಒಳ್ಳೆಯದೇ ಆಯಿತು. ಏಳೆಂಟು ದಾಟಿದ ಮೇಲೆ ಬಾಯಿಮಾತಿನ ಮಟ್ಟಿಗೆ ಆಸೆ ಕಡಿಮೆ. ಹಾಗಾಗಿ ಬೇಕೋ ಬೇಡವೋ ಅನ್ನುವುದನ್ನು ವರ್ಷಗಟ್ಟಲೆ ಎಳೆಯಬೇಡಿ.

ಆದರೆ ಕನ್ನಡಕ ಹಾಕಿದೊಡನೆ ಕಣ್ಣು ಕಂಡ ಹಾಗೆ ಇದು ಆಗುವುದಿಲ್ಲ. ಆಪರೇಷನ್ ಆಗಿ ಕೆಲವು ವಾರದ ಮೇಲೆ ಸ್ವಿಚ್ ಆನ್ ಮಾಡುತ್ತಾರೆ. ಆ ದಿನ ಮಕ್ಕಳು ನಗುವುದಕ್ಕಿಂತ ಅಳುವುದೇ ಜಾಸ್ತಿ. ಆಮೇಲೆ ತಿಂಗಳುಗಟ್ಟಲೆ ಮ್ಯಾಪಿಂಗ್ (ಉಪಕರಣದ ಸಂಕೇತದ ಮಟ್ಟವನ್ನು ಮಗುವಿಗೆ ತಕ್ಕ ಹಾಗೆ ಹೊಂದಿಸುವುದು), ವರ್ಷಗಟ್ಟಲೆ ಥೆರಪಿ. ಒಂದೇ ವಯಸ್ಸಿಗೆ ಮಾಡಿಸಿದ ಇಬ್ಬರು ಮಕ್ಕಳಲ್ಲಿ ಒಬ್ಬಳು ಫೋನಿನಲ್ಲಿ ಮಾತಾಡುವಷ್ಟು ಮುಂದೆ ಹೋಗಬಹುದು, ಇನ್ನೊಬ್ಬಳಿಗೆ ಬಾಗಿಲ ಸದ್ದು, ಹಾರ್ನ್ ಗುರುತಿಸುವಷ್ಟೇ ಆಗಬಹುದು. ಯಾರಿಗೆ ಎಷ್ಟು ಅಂತ ಮೊದಲೇ ಖಾತ್ರಿ ಕೊಡುವವರನ್ನು ನಂಬಬೇಡಿ. ಸ್ನಾನಕ್ಕೆ, ನಿದ್ದೆಗೆ ಹೊರಗಿನ ಭಾಗ ತೆಗೆದರೆ ಅವಳು ಮತ್ತೆ ಕಿವುಡಳೇ. ಈ ಕಾರಣಕ್ಕೇ ಇಂಪ್ಲಾಂಟ್ ಮಾಡಿಸಿದರೂ ಸನ್ನೆ ಬಿಡಬೇಡಿ ಅನ್ನುತ್ತೇನೆ.

ಅಪಾಯಗಳು ಅಪರೂಪ, ಆದರೆ ತಿಳಿದಿರಲಿ. ಸೋಂಕು, ತಲೆಸುತ್ತು, ಮುಖದ ನರಕ್ಕೆ ಪೆಟ್ಟು, ಉಳಿದಿದ್ದ ಅಲ್ಪಸ್ವಲ್ಪ ಶ್ರವಣ ಹೋಗುವುದು, ಉಪಕರಣ ಕೆಟ್ಟು ಮತ್ತೆ ಆಪರೇಷನ್ ಆಗುವುದು. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ತಡೆಯಲು ನ್ಯುಮೋಕಾಕಲ್ ಲಸಿಕೆ ಮೊದಲೇ ಹಾಕಿಸಬೇಕು. ಒಳಗಿರುವ ಅಯಸ್ಕಾಂತದಿಂದಾಗಿ ಮುಂದೆ ಎಂಆರ್‌ಐ ಮಾಡಿಸುವಾಗ ಎಚ್ಚರ ಬೇಕು. ಡಾಕ್ಟರ್ ಹತ್ತಿರ ಎರಡು ಪ್ರಶ್ನೆ ಮರೆಯದೆ ಕೇಳಿ. ಸ್ಕ್ಯಾನ್‌ನಲ್ಲಿ ಎರಡೂ ಕಡೆ ಶ್ರವಣ ನರ ಸರಿಯಾಗಿ ಕಾಣುತ್ತಿದೆಯಾ? ನರವೇ ಇಲ್ಲದಿದ್ದರೆ ಈ ಇಂಪ್ಲಾಂಟ್ ಕೆಲಸ ಮಾಡದು. ಎರಡನೆಯದು, ಮ್ಯಾಪಿಂಗ್ ಯಾರು ಮಾಡುತ್ತಾರೆ, ಎಷ್ಟು ದೂರ, ಬಿಡಿಭಾಗ, ಬ್ಯಾಟರಿ ಖರ್ಚು ವರ್ಷಕ್ಕೆ ಎಷ್ಟು? ಆಪರೇಷನ್‌ಗೆ ಸಹಾಯ ಸಿಕ್ಕಿ, ಆಮೇಲೆ ಒಂದು ಕೇಬಲ್‌ಗೆ ದುಡ್ಡಿಲ್ಲದೆ ಉಪಕರಣ ಡಬ್ಬಿ ಸೇರಿದ ಮನೆಗಳನ್ನು ನೋಡಿದ್ದೇನೆ.

ಈಗ ಶಾಲೆ. ಮಾಮೂಲಿ ಶಾಲೆಗೆ ಕಳಿಸುವುದಾದರೆ, ಸೇರಿಸುವ ಮೊದಲು ಆ ತರಗತಿಯ ಹಿಂದಿನ ಬೆಂಚಲ್ಲಿ ಅರ್ಧ ಗಂಟೆ ಕೂತು ಬನ್ನಿ. ಟೀಚರ್ ಬೋರ್ಡಿಗೆ ಮುಖ ಮಾಡಿಕೊಂಡು ಎಷ್ಟು ಮಾತಾಡುತ್ತಾರೆ? ಫ್ಯಾನ್ ಸದ್ದು ಎಷ್ಟು? ಒಂದು ಮಗು ಮೂಲೆಯಿಂದ ಉತ್ತರ ಹೇಳಿದಾಗ, ಯಾರು ಮಾತಾಡಿದರು ಅಂತ ಕಿವುಡ ಮಗು ಹುಡುಕಿ ತಿರುಗುವಷ್ಟರಲ್ಲಿ ಉತ್ತರ ಮುಗಿದಿರುತ್ತದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅದಕ್ಕೇ ಟೀಚರ್ ಕೊರಳಿಗೆ ಮೈಕ್ ಹಾಕಿ ನೇರ ಮಷೀನ್‌ಗೆ ಕಳಿಸುವ ಎಫ್‌ಎಂ ವ್ಯವಸ್ಥೆ ಇದ್ದರೆ ಬಹಳ ವ್ಯತ್ಯಾಸ ಆಗುತ್ತದೆ. ಜೊತೆಗೆ ವಿಶೇಷ ಶಿಕ್ಷಕಿ, ಸನ್ನೆಯ ಇಂಟರ್‌ಪ್ರಿಟರ್ ಇದ್ದರೆ ಇನ್ನೂ ಒಳ್ಳೆಯದು. ಇದ್ಯಾವುದೂ ಇಲ್ಲದೆ ‘ಮಕ್ಕಳ ಜೊತೆ ಸೇರಿದರೆ ಕಲಿಯುತ್ತಾಳೆ’ ಅನ್ನುವುದು ನಡೆಯದ ಮಾತು. ಇದನ್ನು ನಿಮ್ಮ ಅತ್ತೆಯವರಿಗೆ ಮೆತ್ತಗೆ ಹೇಳಿ. ಅವರ ಆಸೆ ಒಳ್ಳೆಯದೇ.

ಮಾಮೂಲಿ ಶಾಲೆಯ ದೊಡ್ಡ ಅಪಾಯ ಬೈಗುಳವೂ ಅಲ್ಲ, ಕೀಟಲೆಯೂ ಅಲ್ಲ. ತಲೆ ಆಡಿಸುವ ಅಭ್ಯಾಸ. ಅರ್ಥವಾಗದ್ದಕ್ಕೆಲ್ಲ ‘ಹೂಂ’ ಅಂದರೆ ದೊಡ್ಡವರು ಬಿಟ್ಟುಬಿಡುತ್ತಾರೆ ಅಂತ ಕಿವುಡ ಮಕ್ಕಳು ಬೇಗ ಕಲಿಯುತ್ತಾರೆ. ನೀಟಾಗಿ ಬೋರ್ಡ್ ನೋಡಿ ಬರೆಯುತ್ತಾರೆ, ಗಲಾಟೆ ಮಾಡುವುದಿಲ್ಲ, ಟೀಚರಿಗೆ ಖುಷಿ. ನಾಲ್ಕನೇ ಕ್ಲಾಸಿಗೆ ಬಂದಾಗ ಓದಿದ್ದು ಒಂದೂ ತಿಳಿದಿಲ್ಲ ಅಂತ ಗೊತ್ತಾಗುತ್ತದೆ. ಇದನ್ನು ಪತ್ತೆ ಮಾಡಲು ಸುಲಭ ಉಪಾಯ: ‘ಅರ್ಥ ಆಯ್ತಾ?’ ಅಂತ ಯಾವತ್ತೂ ಕೇಳಬೇಡಿ. ‘ಹೂಂ’ ಅಂದರೆ ಉತ್ತರವಾಗದಂಥ ಪ್ರಶ್ನೆ ಕೇಳಿ. ‘ಇವತ್ತು ಕಥೆಯಲ್ಲಿ ಯಾರು ಬಿದ್ದರು?’ ‘ನಾಳೆ ಏನು ತರಬೇಕು?’ ಟೀಚರಿಗೂ ಇದನ್ನೇ ಹೇಳಿಕೊಡಿ.

ಕಿವುಡ ಮಕ್ಕಳ ಶಾಲೆಯಲ್ಲಿ ಅವಳಿಗೆ ಸಿಗುವುದು ಬೇರೆ ಎಲ್ಲೂ ಸುಲಭವಾಗಿ ಸಿಗದು: ತನ್ನಂಥ ಹತ್ತಾರು ಮಕ್ಕಳು, ಜಗಳ, ಜೋಕು, ಗುಟ್ಟು, ಎಲ್ಲವೂ ಅವಳಿಗೆ ತಿಳಿಯುವ ಹಾಗೆ. ಆದರೆ ಹೆಸರು ನೋಡಿ ಸೇರಿಸಬೇಡಿ. ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೇ ಸನ್ನೆ ಭಾಷೆ ಅಷ್ಟಕ್ಕಷ್ಟೇ, ಮಕ್ಕಳು ಕಲಿಯುವುದು ಹಿರಿಯ ಮಕ್ಕಳಿಂದ. ಕೆಲವು ಕಡೆ ‘ಪಾಪ, ಇವರಿಗೆ ಇಷ್ಟು ಸಾಕು’ ಅಂತ ಪಾಠ ಅರ್ಧಕ್ಕೆ ಇಳಿಸಿರುತ್ತಾರೆ, ವಿಜ್ಞಾನ ಗಣಿತ ಬಿಟ್ಟು ಕಸೂತಿಗೆ ಕೂರಿಸಿರುತ್ತಾರೆ. ನೀವು ನೋಡಬೇಕಾದ್ದು: ಕಿವುಡ ಶಿಕ್ಷಕರು ಯಾರಾದರೂ ಇದ್ದಾರಾ? ದೊಡ್ಡ ತರಗತಿಯ ಮಗು ಒಂದು ಪುಟ ಓದಿ, ಅದರಲ್ಲೇನಿದೆ ಅಂತ ತನ್ನ ಭಾಷೆಯಲ್ಲಿ ಹೇಳುತ್ತದಾ? ಇಲ್ಲಿಂದ ಹೋದವರು ಈಗ ಏನು ಓದುತ್ತಿದ್ದಾರೆ, ಏನು ಮಾಡುತ್ತಿದ್ದಾರೆ?

ಹಾಸ್ಟೆಲ್ ಬಗ್ಗೆ ನನಗೆ ಈ ವಯಸ್ಸಿಗೆ ಒಪ್ಪಿಗೆ ಇಲ್ಲ. ಏನಾದರೂ ಕೆಟ್ಟದ್ದು ನಡೆದರೆ ಹೇಳಿಕೊಳ್ಳಲು ಭಾಷೆ ಇಲ್ಲದ ಮಗುವನ್ನು ದೂರ ಬಿಡುವುದು ಅಪಾಯ. ಅಷ್ಟೇ ಅಲ್ಲ, ಅವಳು ಅಲ್ಲಿ ಸನ್ನೆ ಕಲಿತು, ನೀವು ಇಲ್ಲಿ ಕಲಿಯದಿದ್ದರೆ ರಜೆಗೆ ಬಂದಾಗ ಮನೆಯವರೇ ಪರಕೀಯರಾಗುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಈ ತಿಂಗಳಿಂದಲೇ ಅವಳನ್ನು ದಿನಾ ಹೋಗಿ ಬರುವ ಹಾಗೆ ಸನ್ನೆ ಭಾಷೆಯ ಪುಟ್ಟ ಮಕ್ಕಳ ತರಗತಿಗೆ ಹಾಕುತ್ತಿದ್ದೆ, ಮನೆಯವರೆಲ್ಲ ಕಲಿಯುತ್ತಿದ್ದೆವು. ಜೊತೆಜೊತೆಗೇ ಇಂಪ್ಲಾಂಟ್ ಪರೀಕ್ಷೆಗಳನ್ನು ಮುಗಿಸಿ ಬೇಗ ತೀರ್ಮಾನ ಮಾಡುತ್ತಿದ್ದೆ. ಸನ್ನೆ ಬೇಡ ಅನ್ನುವ ಥೆರಪಿಸ್ಟ್ ಬದಲು ಎರಡನ್ನೂ ಒಪ್ಪುವವರನ್ನು ಹುಡುಕುತ್ತಿದ್ದೆ. ಏಳು ಎಂಟು ವರ್ಷಕ್ಕೆ ಅವಳ ಮಾತು, ಓದು ಎಲ್ಲಿದೆ ನೋಡಿ ಮಾಮೂಲಿ ಶಾಲೆಯ ಯೋಚನೆ. ಇವತ್ತು ಸೇರಿಸಿದ ಶಾಲೆಯೇ ಕೊನೆತನಕ ಅಂತ ಏನಿಲ್ಲ. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಬದಲಾದ ಮಕ್ಕಳು ಬೇಕಾದಷ್ಟಿದ್ದಾರೆ. ಆಯ್ಕೆ ನಿಮ್ಮದು, ನನ್ನದು ಒಂದು ಅಭಿಪ್ರಾಯ ಅಷ್ಟೇ. ಸನ್ನೆ ಭಾಷೆ ಕಲಿಯಲು ಅನುಕೂಲ ಮಾಡಿಕೊಡಬೇಕು ಅಂತ ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದವೇ ಹೇಳುತ್ತದೆ, ಹಾಗಾಗಿ ಶಾಲೆಯಲ್ಲಿ ಕೇಳುವಾಗ ಹಿಂಜರಿಯಬೇಕಿಲ್ಲ.

ನಿಮ್ಮ ಯಜಮಾನರ ಚಿಂತೆಗೆ ಬರುತ್ತೇನೆ. ಕಿವುಡರು ಮಾಡದ ಕೆಲಸ ಹುಡುಕುವುದೇ ಕಷ್ಟ. 1975ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಾನ್ ಕಾರ್ನ್‌ಫೋರ್ತ್‌ಗೆ ಇಪ್ಪತ್ತರ ಹೊತ್ತಿಗೆ ಪೂರ್ತಿ ಕಿವುಡಾಗಿತ್ತು. ನಕ್ಷತ್ರಗಳ ದೂರ ಅಳೆಯಲು ದಾರಿ ತೋರಿಸಿದ ಹೆನ್ರಿಯೆಟ್ಟಾ ಲೆವಿಟ್‌ಗೂ ಕಿವಿ ಕೇಳುತ್ತಿರಲಿಲ್ಲ. ಇಂಥ ದೊಡ್ಡ ಹೆಸರುಗಳಿಂದ ನಿಮಗೆ ಸಮಾಧಾನ ಆಗದು ಅಂತ ಗೊತ್ತು. ಸಾಮಾನ್ಯರ ಮಾತನ್ನೇ ಆಡೋಣ. ಲೆಕ್ಕಪತ್ರ, ಕಂಪ್ಯೂಟರ್, ಡಿಸೈನ್, ಲ್ಯಾಬ್, ಬೇಕರಿ, ಟೈಲರಿಂಗ್, ವೆಲ್ಡಿಂಗ್, ಶಿಕ್ಷಕ ವೃತ್ತಿ, ಎಲ್ಲದರಲ್ಲೂ ಇದ್ದಾರೆ. ಅಮೆರಿಕದ ಆಕ್ರನ್ ನಗರದ ಟೈರ್ ಕಾರ್ಖಾನೆಗಳು ಎರಡು ಮಹಾಯುದ್ಧಗಳ ಕಾಲದಲ್ಲಿ ನೂರಾರು ಕಿವುಡರನ್ನು ಸೇರಿಸಿಕೊಂಡಿದ್ದವು. ವಾಷಿಂಗ್ಟನ್‌ನ ಗ್ಯಾಲಡೆಟ್ ವಿಶ್ವವಿದ್ಯಾಲಯಕ್ಕೆ ಕಿವುಡರಿಗೆ ಪದವಿ ಕೊಡುವ ಅಧಿಕಾರ 1864ರಲ್ಲೇ ಸಿಕ್ಕಿತು. ಅಲ್ಲೂ ಒಬ್ಬ ಕಿವುಡ ಅಧ್ಯಕ್ಷ ಬರಬೇಕಾದರೆ 1988ರಲ್ಲಿ ವಿದ್ಯಾರ್ಥಿಗಳು ಗೇಟು ಮುಚ್ಚಿ ಹೋರಾಡಬೇಕಾಯಿತು ಅನ್ನುವುದನ್ನೂ ಹೇಳಬೇಕು.

ಒಂದು ತಪ್ಪು ತಿಳಿವಳಿಕೆ: ಕಿವುಡರಿಗೆ ಗದ್ದಲದ ಕೆಲಸ ಒಳ್ಳೆಯದು, ಅವರಿಗೇನು ಕೇಳಿಸುತ್ತದೆ ಅನ್ನುವುದು. ಅಲ್ಪಸ್ವಲ್ಪ ಶ್ರವಣ ಉಳಿದವರಿಗೆ ಅದೂ ಹೋಗುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದು ಯಾರ ಕಿವಿಗೂ ಒಳ್ಳೆಯದಲ್ಲ.

ಕೆಲಸ ಸಿಕ್ಕ ಮೇಲಿನ ತೊಡಕು ಬೇರೆ ಥರದ್ದು. ಕೆಲಸಕ್ಕೆ ಸೇರುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ, ಆದರೆ ಎಷ್ಟೋ ವರ್ಷ ಅದೇ ಮೇಜಿನಲ್ಲಿ ಉಳಿಯುತ್ತಾರೆ. ಯಾಕೆಂದರೆ ಆಫೀಸಿನಲ್ಲಿ ಮುಖ್ಯ ವಿಷಯ ಅರ್ಧಕ್ಕರ್ಧ ಚಹಾ ಕುಡಿಯುವಾಗ, ಮೆಟ್ಟಿಲ ಮೇಲೆ, ಮೀಟಿಂಗ್ ಮುಗಿದ ಮೇಲೆ ಹರಿದಾಡುತ್ತದೆ. ಯಾವ ಹುದ್ದೆ ಖಾಲಿಯಾಗುತ್ತಿದೆ, ಸಾಹೇಬರಿಗೆ ಏನು ಬೇಕು, ಇದೆಲ್ಲ ಅವರ ತನಕ ಬರುವುದೇ ಇಲ್ಲ. ಮೀಟಿಂಗ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು, ಪರದೆ ಮೇಲೆ ಕ್ಯಾಪ್ಷನ್, ಬೇಕಾದಾಗ ಇಂಟರ್‌ಪ್ರಿಟರ್, ತೀರ್ಮಾನಗಳನ್ನು ಬರೆದು ಕಳಿಸುವುದು, ಇಷ್ಟು ಮಾಡಿದರೆ ಬಹಳಷ್ಟು ಸರಿಹೋಗುತ್ತದೆ. ಇದನ್ನು ಕೇಳಿ ಪಡೆಯುವ ಧೈರ್ಯ ಇದ್ದವರು ಮೇಲೆ ಬಂದದ್ದನ್ನು ಕಂಡಿದ್ದೇನೆ. ತಲೆ ಆಡಿಸಿ ಅಭ್ಯಾಸವಾದವರು ಕೇಳುವುದಿಲ್ಲ.

ಇನ್ನೊಂದು, ಓದು ಬರಹ. ಕಿವುಡ ವ್ಯಕ್ತಿಗೆ ಬರಹ ಬರೀ ಪರೀಕ್ಷೆಗೆ ಬೇಕಾದ ವಿದ್ಯೆಯಲ್ಲ. ಅಂಗಡಿ, ಆಸ್ಪತ್ರೆ, ಬಾಸು ಎಲ್ಲರ ಜೊತೆಗೂ ಅದೇ ಸೇತುವೆ. ನಾಳೆಯಿಂದಲೇ ಚಿತ್ರದ ಪುಸ್ತಕ ಹಿಡಿದು ಎದುರಿಗೆ ಕೂತುಕೊಳ್ಳಿ, ಪಕ್ಕದಲ್ಲಲ್ಲ. ಅವಳಿಗೆ ನಿಮ್ಮ ಮುಖ, ಕೈ, ಪುಟ ಮೂರೂ ಕಾಣಬೇಕು. ಮೊದಲು ಚಿತ್ರ ನೋಡಲು ಬಿಡಿ. ಅವಳು ತಲೆ ಎತ್ತಿದ ಮೇಲೆ ಸನ್ನೆಯಲ್ಲೂ ಬಾಯಲ್ಲೂ ಹೇಳಿ, ಆಮೇಲೆ ಪದ ತೋರಿಸಿ. ಪುಟ ನೋಡುವಾಗ ಮಾತಾಡಿದರೆ ಅವಳಿಗೆ ಎರಡೂ ತಪ್ಪುತ್ತದೆ. ಅವಳ ಕಣ್ಣೇ ಕಿವಿ, ಏಕಕಾಲಕ್ಕೆ ಎರಡು ಕಡೆ ಇರಲಾರದು.

ಒಬ್ಬಳೇ ಇರಬಲ್ಲಳಾ ಅಂತಲೂ ಕೇಳಿದ್ದೀರಿ. ಬಾಗಿಲ ಗಂಟೆ ಒತ್ತಿದರೆ ದೀಪ ಮಿನುಗುವ ಹಾಗೆ ಮಾಡಬಹುದು. ದಿಂಬಿನಡಿ ಇಟ್ಟರೆ ನಡುಗಿ ಎಬ್ಬಿಸುವ ಅಲಾರಂ ಇದೆ. ಬೆಂಕಿ ಎಚ್ಚರಿಕೆಗೂ ಮಿನುಗು ದೀಪದ ಸಾಧನಗಳಿವೆ, ಮುಂದೆ ಅವಳು ಕೆಲಸ ಮಾಡುವ ಕಡೆಯೂ ಇವೆಯಾ ಅಂತ ಕೇಳಿಕೊಳ್ಳಬೇಕು. ವಿಡಿಯೊ ಕಾಲ್ ಬಂದ ಮೇಲೆ ಕಿವುಡರು ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ, ಬಿಲ್ ನೋಡಿ ಬೈಯುವ ಅಪ್ಪಂದಿರೂ ಇದ್ದಾರೆ. ಅನೇಕ ದೇಶಗಳಲ್ಲಿ ವಾಹನ ಓಡಿಸುತ್ತಾರೆ. ಮದುವೆ, ಮಕ್ಕಳು, ಸಾಲ, ಮನೆ ಎಲ್ಲವೂ ಇದೆ. ನಿಮ್ಮ ಯಜಮಾನರಿಗೆ ಇದನ್ನು ನಾನು ಬರೆದು ತಿಳಿಸುವುದಕ್ಕಿಂತ, ಕೆಲಸ ಮಾಡುತ್ತಿರುವ ಒಬ್ಬ ಕಿವುಡ ವ್ಯಕ್ತಿಯ ಮನೆಗೆ ಇಂಟರ್‌ಪ್ರಿಟರ್ ಜೊತೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಕಿವುಡರ ಸಂಘದಲ್ಲಿ ಕೇಳಿದರೆ ಯಾರಾದರೂ ಒಪ್ಪುತ್ತಾರೆ. ಸಂಬಳ ಎಷ್ಟು, ಶಾಲೆಯಲ್ಲಿ ಏನು ಚೆನ್ನಾಗಿತ್ತು, ಅಪ್ಪ ಅಮ್ಮ ಏನು ಮಾಡಬಾರದಿತ್ತು ಅಂತ ನೇರವಾಗಿ ಕೇಳಲಿ. ಮಗಳನ್ನೂ ಕರೆದುಕೊಂಡು ಹೋಗಿ.